ಟವಲ್ ಕೆಳಗಿನ ಬೆಲೆ

ಶಿಡ್ಲಘಟ್ಟ, ೧೯೯೪

ಸಲೋಮಿ ಮೇಡಂ,

ನೀವು ಮದುವೆಯಾಗಿ ಹುಬ್ಬಳ್ಳಿಗೆ ಹೋದ ಮೇಲೆ ನಿಮ್ಮ ಕಾಮರ್ಸ್ ಕ್ಲಾಸನ್ನು ನನಗೇ ಕೊಟ್ಟಿದ್ದಾರೆ. ಇವತ್ತು ಅಲ್ಲಿ ನಡೆದದ್ದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ? ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಬೆಲೆ ಗೊತ್ತುಮಾಡುವ ಪಾಠ. ಹಳೆಯ ಕಾಲದ ರೇಷ್ಮೆಗೂಡಿನ ವ್ಯಾಪಾರದಂತೆ ಇಬ್ಬರು ಹುಡುಗರನ್ನು ನಿಲ್ಲಿಸಿ, ಬೇರೆಯವರಿಗೆ ಬೆಲೆ ತಿಳಿಯದಂತೆ ಕೈಗಳ ಮೇಲೆ ಟವಲ್ ಹೊದಿಸಿ, ಬೆರಳು ಹಿಡಿದು ಚೌಕಾಶಿ ಮಾಡಿಸಿದೆ. ಕೊಳ್ಳುವವನು ಖಾಜಾ ಪೀರ್, ಮಾರುವವನು ಮೇಲೂರಿನ ಆವಲಪ್ಪ. ವ್ಯಾಪಾರ ಕುದುರಿತು. ನಾನು ಬೋರ್ಡಿನ ಕಡೆ ತಿರುಗಿದೆ.

"ಸಾರ್, ಟವಲ್ ತೆಗೀಬೇಕಲ್ವಾ? ನಮ್ಮಣ್ಣ ಓದೋವಾಗ ಸಲೋಮಿ ಮೇಡಂ ತೆಗೆಸ್ತಿದ್ರಂತೆ," ಎಂದ ಖಾಜಾ.

ತಾನೇ ತೆಗೆದ. ಎಲ್ಲರೆದುರು ಅಷ್ಟು ಕಡಿಮೆ ಬೆಲೆ ಹೇಳಲು ನಾಚಿಕೊಂಡು, ಒಪ್ಪಿದ್ದಕ್ಕಿಂತ ಏರಿಸಿಯೇ ಹೇಳಿಬಿಟ್ಟ. "ಅಯ್ಯೋ, ಇದೇನಪ್ಪ!" ಎಂದ ಆವಲಪ್ಪ. ಕ್ಲಾಸೆಲ್ಲ ನಕ್ಕಿತು.

ನನಗೆ ನಿಮ್ಮ ದನಿ ಕೇಳಿದ ಹಾಗಾಯಿತು: "ದೇವರ ಮುಂದೆ ಬಾಯಿಬಿಟ್ಟು ಹೇಳೋಕಾಗದ ಬೆಲೆ ನ್ಯಾಯದ್ದಲ್ಲ ಕಣ್ರಪ್ಪ. ಲಾಭ ಮಾಡಿ, ಯೇಸು ಬೇಡ ಅನ್ನಲ್ಲ. ಟವಲ್ ಮಾತ್ರ ತೆಗೀರಿ."

ನೀವು ಮೊದಲ ಸಲ ಆ ಪಾಠ ಮಾಡಿದ ದಿನ, ಗೂಡು ಮಾರುವವನಾಗಿ ನಿಲ್ಲಲು ಸ್ಟಾಫ್ ರೂಮಿನಿಂದ ನನ್ನನ್ನೇ ಕರೆಸಿದ್ದಿರಿ. ಕೊಳ್ಳುವವರಾಗಿ ಟವಲ್ ಕೆಳಗೆ ನನ್ನ ಬೆರಳು ಹಿಡಿದ ನೀವು ಬೆಲೆ ಕುದುರಿದ ಮೇಲೂ ಬಿಡಲಿಲ್ಲ. ಮಕ್ಕಳೆಲ್ಲ ನೋಡುತ್ತಿದ್ದರು. ನೀವು ಎಡಗೈಯಿಂದ ಟವಲ್ ಎತ್ತಿದಿರಿ.

ಅಷ್ಟರಲ್ಲಿ ನಾನು ಕೈ ಎಳೆದುಕೊಂಡಿದ್ದೆ.