ಕೊನೆಯ ಕಂತಿಗೆ ನಾಲ್ಕೇ ಅಂಕ

ಮಾರ್ಚ್ ೧೪, ಶುಕ್ರವಾರ

ಜಪಾನಿ ಕಾರ್ಟೂನು ಧಾರಾವಾಹಿ ನೋಡುವ ನಮ್ಮ ವಾಟ್ಸಾಪ್ ಅನಿಮೆ ಬಳಗದಲ್ಲಿ ಇವತ್ತಿಡೀ ಒಂದೇ ಮಾತು. ಕೊನೆಯ ಕಂತಿನಲ್ಲಿ ದೋಣಿ ಕಟ್ಟುವ ಹುಡುಗಿ ತನ್ನನ್ನು ಹಂಗಿಸಿದ ಮನೆಗೇ ಮರಳಿದ್ದು ಎಂಥ ಚೆಂದ ಅಂತ. ಎಲ್ಲರೂ ಹತ್ತಕ್ಕೆ ಹತ್ತು ಕೊಟ್ಟರು. ಕಡಲಿನ ಚಿತ್ರಗಳಿಗೆ ಮರುಳಾಗಿ ನಾನೂ ಒಂಬತ್ತು ಕೊಡುವವನಿದ್ದೆ.

ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಮನೆಗೆ ಬಂದು ಆ ಕಂತನ್ನು ಇನ್ನೊಮ್ಮೆ ಹಾಕಿದೆ. ಅಕ್ಕ ಬಟ್ಟೆ ಮಡಚುತ್ತ ಪಕ್ಕದಲ್ಲಿ ಕುಳಿತಳು. ಗಂಡನ ಮನೆ ಬಿಟ್ಟು ಬಂದಾಗಿನಿಂದ ಅವಳದು ಹೂಂ, ಉಹೂಂ ಅಷ್ಟೇ. ನಾಳೆ ಭಾವ ಕರೆದೊಯ್ಯಲು ಬರುತ್ತಾರೆ, ಅಮ್ಮನೂ ಒಪ್ಪಿದ್ದಾಳೆ. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಬಾಯಿ ಹಾಕಲಿಲ್ಲ.

ಕಂತು ಮುಗಿದಾಗ ಅಕ್ಕ ಕೇಳಿದಳು, "ಅವರ್ಯಾರೂ ತಪ್ಪಾಯ್ತು ಅನ್ಲೇ ಇಲ್ವಲ್ಲೋ. ಮತ್ಯಾಕೆ ಹೋದ್ಲು?"

ಆ ಮಾತನ್ನೇ ವಿಮರ್ಶೆಯಾಗಿ ಬರೆದು ನಾಲ್ಕು ಅಂಕ ಕೊಟ್ಟೆ. ಬಳಗದಲ್ಲಿ ನಾವು 'ಗೂಬೆ' ಎಂದು ಕರೆಯುವವನು ಉತ್ತರಿಸಿದ: "ಗುರೂ, ಇದು ನಿನ್ನ ತಲೆಯಿಂದ ಬಂದಿದ್ದಲ್ಲ. ಯಾರೇ ಹೇಳಿರ್ಲಿ, ಅವ್ರು ಹೇಳಿದ್ದೇ ಸರಿ. ನನ್ನ ಹತ್ತು ವಾಪಸ್ ತಗೊಂಡೆ."

ಅಕ್ಕನಿಗೆ ಓದಿ ಹೇಳಿದೆ. ಫೋನು ತೆಗೆದುಕೊಂಡು ತಾನೂ ಓದಿದಳು. ಆಮೇಲೆ ಅಡುಗೆಮನೆಗೆ ಹೋಗಿ, "ಅಮ್ಮಾ, ನಾಳೆ ಅವ್ರು ಬರೋದು ಬೇಡ. ನಾನೇ ಫೋನ್ ಮಾಡಿ ಹೇಳ್ತೀನಿ" ಅಂದಳು. ಎಲ್ಲ ನನ್ನದೇ ಕಿತಾಪತಿ ಅನ್ನುವಂತೆ ಅಮ್ಮ ನನ್ನನ್ನು ದುರುಗುಟ್ಟಿ ನೋಡಿದಳು. ಊಟಕ್ಕೂ ನನ್ನನ್ನು ಕರೆಯಲಿಲ್ಲ.

ಅಕ್ಕ ಈಗ ಪಕ್ಕದ ಕೋಣೆಯಲ್ಲಿ ಮೊದಲ ಕಂತಿನಿಂದ ನೋಡಲು ಶುರು ಮಾಡಿದ್ದಾಳೆ. ಸದ್ದು ಬಹಳ ಜೋರಾಗಿದೆ. ಹೋಗಿ ಕಮ್ಮಿ ಮಾಡು ಅನ್ನಬೇಕು, ಆದರೆ ಇವತ್ತು ಹಾಗೇ ಇರಲಿ.