ಉಸಿರಿಗೆ ಗೆರೆ ಹಾಕದ ಸಾಲು

ಮನೆ, ಮಹಡಿಯ ಕೋಣೆ
ತಾರೀಖು ಹದಿನಾಲ್ಕು, ಶನಿವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

‘ಎದ್ದು ಹೋದವನ ಕುರ್ಚಿ ಒಂದಷ್ಟು ಹೊತ್ತು ಬೆಚ್ಚಗಿರುತ್ತದೆ’ ಎಂಬ ಸಾಲೊಂದು ಬೆಳಿಗ್ಗೆಯಿಂದ ತಲೆಯಲ್ಲಿ ಸುತ್ತುತ್ತಿದೆ. ಎಂ.ಎ. ಓದುವಾಗ ಎಲ್ಲೋ ಕಂಡದ್ದು. ಯಾರು ಬರೆದರೋ, ಮುಂದಿನ ಸಾಲೇನೋ ನೆನಪಿಲ್ಲ. ‘ಬೆಚ್ಚಗಿರುತ್ತದೆ’ ಎಂದಿತ್ತೋ ‘ಕಾಯುತ್ತದೆ’ ಎಂದಿತ್ತೋ, ಅದೂ ಗಟ್ಟಿಯಿಲ್ಲ. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ‘ಆಹಾ’ ಎಂದು ಬರೆದುಕೊಂಡದ್ದು ಮಾತ್ರ ನೆನಪಿದೆ. ಈಗ ಕೇಳಬೇಕೆನ್ನಿಸುತ್ತದೆ, ಒಂದಷ್ಟು ಹೊತ್ತು ಅಂದರೆ ಎಷ್ಟು ಹೊತ್ತು? ಬರೆದವರು ಕೈಯಿಟ್ಟು ನೋಡಿದ್ದರೇ? ಕಿಟಕಿಯ ಪಕ್ಕದ ನಿನ್ನ ಬೆತ್ತದ ಕುರ್ಚಿಯ ಮೇಲೆ ಈಗಷ್ಟೇ ಕೈಯಿಟ್ಟು ಬಂದೆ. ತಣ್ಣಗಿದೆ.

ಹೇಗಿದ್ದೀಯೋ? ಗಂಟಲಿನ ಗಾಯ ಒಣಗಿತೇ? ಕೊಳವೆಯ ಸುತ್ತ ಕೆಂಪಾಗಿದೆ ಎಂದು ನರ್ಸ್ ಹೇಳಿದ್ದರು, ಅದು ಕಡಿಮೆಯಾಯಿತೇ? ದಿಂಬು ಎತ್ತರಿಸಿಕೊಂಡು ಮಲಗುತ್ತೀಯೋ ಇಲ್ಲ ಇಲ್ಲಿಯ ಹಾಗೇ ಅದನ್ನು ಕಾಲಡಿಗೆ ತಳ್ಳುತ್ತೀಯೋ? ಎರಡು ತಿಂಗಳಿಂದ ನಿನ್ನದೊಂದು ಅಕ್ಷರವಿಲ್ಲ. ಅದಕ್ಕೂ ಹಿಂದಿನ ಕಾಗದದಲ್ಲೂ ಇದ್ದದ್ದು ಎರಡೇ ಮಾತು, ‘ಚೆನ್ನಾಗಿದ್ದೇನೆ. ಬರಬೇಡ.’ ಮೊದಲನೆಯದನ್ನು ನಾನು ನಂಬಲಿಲ್ಲ, ಎರಡನೆಯದನ್ನು ಪಾಲಿಸಿದೆ. ಮೊನ್ನೆ ಡಾಕ್ಟರು ಫೋನ್ ಮಾಡಿದ್ದರು. ಎರಡನೇ ಆಪರೇಷನ್ನಿನಲ್ಲಿ ಏನೇನು ತೆಗೆದರು, ಏನು ಉಳಿಯಿತು ಎಂದು ನಿಧಾನವಾಗಿ ವಿವರಿಸಿ, ಕೊನೆಗೆ ‘ಧ್ವನಿಯ ವಿಚಾರ ಇನ್ನು ಬಿಟ್ಟುಬಿಡಿ ಮೇಡಂ’ ಎಂದರು. ಎಷ್ಟು ಮೆತ್ತಗೆ ಹೇಳಿದರೆಂದರೆ ನಾನು ಥ್ಯಾಂಕ್ಸ್ ಹೇಳಿ ಫೋನಿಟ್ಟೆ. ಆಮೇಲೆ ಯಾವುದಕ್ಕೆ ಥ್ಯಾಂಕ್ಸ್ ಹೇಳಿದೆ ಎಂದು ಯೋಚಿಸುತ್ತ ಅಡುಗೆಮನೆಯಲ್ಲಿ ಬಹಳ ಹೊತ್ತು ನಿಂತಿದ್ದೆ. ಹಾಲು ಉಕ್ಕಿ ಒಲೆಯೆಲ್ಲ ಗಲೀಜಾಯಿತು.

ಒಂದು ಸುದ್ದಿಯಿದೆ. ನಮ್ಮ ಮೊಳದಣ್ಣ ಗೆದ್ದಿದ್ದಾನೆ. ಹೌದು ಕಣೋ, ಅದೇ, ನೆಲದಿಂದ ಒಂದೇ ಒಂದು ಮೊಳ ಎತ್ತರ ಹಾರಬಲ್ಲ ಮಹಾವೀರ. ನೆನಪಿದೆಯಲ್ಲ, ಸ್ಟುಡಿಯೋ ಯಜಮಾನರು ಆ ಸಿನಿಮಾವನ್ನು ನಮ್ಮ ಮೇಜಿನ ಮೇಲೆ ಹಳೇ ಬಟ್ಟೆ ಎಸೆದ ಹಾಗೆ ಎಸೆದು, ‘ಎರಡು ದಿನದಲ್ಲಿ ಡಬ್ಬಿಂಗ್ ಮುಗ್ಸಿ ಕೊಡಿ, ಇದನ್ಯಾರು ನೋಡ್ತಾರೆ’ ಎಂದದ್ದು? ನಾನು ಮುಖ ಗಂಟಿಕ್ಕಿಕೊಂಡಿದ್ದೆ. ಇಪ್ಪತ್ತೆರಡು ವರ್ಷ ಬೇರೆ ಭಾಷೆಯವರ ತುಟಿಗೆ ನಮ್ಮ ಮಾತು ಹೊಂದಿಸಿ ಬರೆದವಳಿಗೆ ಕೊನೆಗೆ ಬಂದದ್ದು ಹಸಿರು ಚಡ್ಡಿಯ ವೀರನೇ ಎಂದು ಗೊಣಗಿದ್ದೆ. ‘ಅಕ್ಕಾ, ನಿನ್ನ ಕಾವ್ಯಕ್ಕೆ ಎರಡು ದಿನ ರಜೆ ಕೊಡು, ಅದಕ್ಕೂ ಸುಸ್ತಾಗಿರತ್ತೆ’ ಎಂದೆ ನೀನು. ಆ ವೀರ ಈಗ ಏಳನೇ ವಾರ ಓಡುತ್ತಿದ್ದಾನೆ. ಮೂಲ ಸಿನಿಮಾವನ್ನು ಅದರ ಊರಿನಲ್ಲೇ ಯಾರೂ ಕೇಳಲಿಲ್ಲವಂತೆ, ಇಲ್ಲಿ ಟಿಕೆಟ್ ಸಿಗುತ್ತಿಲ್ಲ. ಯಜಮಾನರು ಎದುರಿಗೆ ಸಿಕ್ಕರೆ ‘ನಾನು ಮೊದ್ಲೇ ಹೇಳಿರ್ಲಿಲ್ವಾ’ ಎನ್ನುತ್ತಾರೆ. ಅವರ ಮುಖವನ್ನು ನೀನು ನೋಡಬೇಕಿತ್ತು.

ಮೂರನೇ ವಾರದಲ್ಲಿ ಒಬ್ಬಳೇ ಹೋಗಿ ನೋಡಿದೆ. ಮಧ್ಯಾಹ್ನದ ಆಟ, ಕೊನೆಯ ಸಾಲು, ಪಕ್ಕದಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದ ಬಸ್ ಕಂಡಕ್ಟರ್. ಸಮವಸ್ತ್ರದಲ್ಲೇ ಬಂದಿದ್ದರು. ಎರಡನೇ ಸಲ ನೋಡುತ್ತಿದ್ದಾರಂತೆ. ಸತ್ಯ ಹೇಳುತ್ತೇನೆ, ನಾನೇ ಬರೆದ ಮಾತುಗಳಿದ್ದರೂ ಸಿನಿಮಾವನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಕೆಲಸ ಮಾಡುವಾಗ ನೋಡಿದ್ದು ತುಟಿಗಳನ್ನು ಮಾತ್ರ. ದೊಡ್ಡ ಪರದೆಯಲ್ಲಿ ನೋಡಿದಾಗ ಗೊತ್ತಾಯಿತು, ಬೇರೆ ವೀರರೆಲ್ಲ ಮೇಲಿನಿಂದ ಊರನ್ನು ನೋಡುತ್ತಾರೆ, ಬೋರಲಾಗಿ ಹಾರುವ ಇವನಿಗೆ ಕಾಣುವುದು ಹೊಸ್ತಿಲು, ಸವೆದ ಚಪ್ಪಲಿ, ಮಂಡಿ ನೋವಿನವರ ಕೈಗೋಲು, ಮುಚ್ಚಿದ ಬಾಗಿಲ ಕೆಳಗಿನ ಬೆಳಕಿನ ಪಟ್ಟಿ. ಹಾಗಾಗಿ ಯಾರ ಮನೆಯಲ್ಲಿ ಏನು ಕಷ್ಟ ಎಂದು ಅವನಿಗೊಬ್ಬನಿಗೇ ಗೊತ್ತು. ಇದನ್ನು ಬರೆದವರು ಯಾರೋ ಬಹಳ ಹುಷಾರಿ. ನಾನು ಗೊಣಗುತ್ತ ಮಾಡಿದ ಕೆಲಸ ಎಂದು ನಾಚಿಕೆಯಾಯಿತು. ಅವನಿಗೆ ಧ್ವನಿ ಕೊಟ್ಟ ನೀನು ಗೊಣಗಿರಲಿಲ್ಲ. ಅದು ಪ್ರತಿ ಮಾತಿನಲ್ಲೂ ಕೇಳಿಸುತ್ತಿತ್ತು.

ಆಮೇಲೆ ಆ ದೃಶ್ಯ ಬಂತು. ನೆರೆಯ ನೀರಿನ ಮೇಲೆ ಒಂದು ಮೊಳ ಎತ್ತರದಲ್ಲಿ ಅವನು ಅಜ್ಜಿಯನ್ನು ಹೆಗಲ ಮೇಲೆ ಹೊತ್ತು ರಸ್ತೆ ದಾಟಿಸುವುದು. ಮುಖದ ಮೇಲೆ ಮುಸುಕಿರುವುದರಿಂದ ತುಟಿ ಕಾಣುವುದಿಲ್ಲ. ತುಟಿ ಕಾಣದಿದ್ದರೆ ಬರೆಯುವವರಿಗೆ ಹಬ್ಬ, ಎಷ್ಟು ಬೇಕಾದರೂ ತುಂಬಬಹುದು. ನಾನು ತುಂಬಿದ್ದೆ. ‘ಅಜ್ಜೀ, ನಾನು ಜಗತ್ತನ್ನ ಕಾಪಾಡೋಕೆ ಹುಟ್ಟಿದವನು, ನೀವು ನಿಮ್ಮ ಚೀಲ, ನಿಮ್ಮ ಕೊಡೆ, ನಿಮ್ಮ ಬೆಕ್ಕು, ಬೆಕ್ಕಿನ ಬುಟ್ಟಿ, ಬುಟ್ಟಿಯ ಮುಚ್ಚಳ, ಮುಚ್ಚಳದ ದಾರ...’ ಹೀಗೆ ಆರು ಸಾಲು. ಬರೆಯುವ ಸಂಭ್ರಮದಲ್ಲಿ ಕೆಂಪು ಪೆನ್ಸಿಲ್ ಮುಟ್ಟಲೇ ಇಲ್ಲ. ಒಂದು ಗೆರೆ ಅಂದರೆ ಉಸಿರು, ಎರಡು ಗೆರೆ ಅಂದರೆ ಉಗುಳು ನುಂಗುವಷ್ಟು ಬಿಡುವು. ನಿನಗಾಗಿ ಇಪ್ಪತ್ತೆರಡು ವರ್ಷ ಎಳೆದ ಗೆರೆಗಳು, ಆ ಹಾಳೆಯಲ್ಲಿ ಮಾತ್ರ ಒಂದೂ ಇರಲಿಲ್ಲ. ನೀನೋ, ಹಾಳೆಯಲ್ಲಿ ಗೆರೆಯಿಲ್ಲದ ಕಡೆ ನಿಲ್ಲದವನು. ಓದುತ್ತಾ ಹೋಗಿ, ಮುಚ್ಚಳದ ದಾರದ ಹತ್ತಿರ ದಮ್ಮು ಕಟ್ಟಿ, ‘ತಡೀರಿ ಅಜ್ಜೀ... ಉಸಿರು...’ ಎಂದುಬಿಟ್ಟೆ. ಗಾಜಿನಾಚೆ ಸೌಂಡ್ ಇಂಜಿನಿಯರ್ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಇನ್ನೊಮ್ಮೆ ತೆಗೆಯಲು ಸಮಯವಿಲ್ಲವೆಂದು ಅದನ್ನೇ ಇಟ್ಟುಕೊಂಡರು.

ಥಿಯೇಟರ್ ಬಿದ್ದು ಬಿದ್ದು ನಕ್ಕಿತು. ಕಂಡಕ್ಟರ್ ಕಡಲೆಕಾಯಿ ಚೆಲ್ಲಿಕೊಂಡರು. ಊರಿಗೆ ಊರೇ ಆ ಮಾತನ್ನು ಹಿಡಿದುಕೊಂಡಿದೆ. ಮೆಟ್ಟಿಲು ಹತ್ತುವಾಗ, ಬ್ಯಾಂಕಿನ ಸಾಲಿನಲ್ಲಿ, ತರಕಾರಿಯವಳು ತಕ್ಕಡಿ ಎತ್ತುವಾಗ, ಎಲ್ಲರ ಬಾಯಲ್ಲೂ ‘ತಡೀರಿ ಅಜ್ಜೀ, ಉಸಿರು!’ ನನಗೊಬ್ಬಳಿಗೆ ಮಾತ್ರ ಕೇಳಿಸಿದ್ದು ಬೇರೆ. ಆ ಕೊನೆಯ ಶಬ್ದದ ಹಿಂದೆ ಒಂದು ಸಣ್ಣ ಸೀಟಿ ಇದೆ, ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗುವಂಥದ್ದು. ಅದಕ್ಕೂ ಒಂದು ವರ್ಷ ಹಿಂದಿನ ನೀನು ಆ ಆರು ಸಾಲನ್ನು ಒಂದೇ ಉಸಿರಿನಲ್ಲಿ ಆಡಿ, ಮೇಲೆ ನನ್ನನ್ನು ಅಣಕಿಸುತ್ತಿದ್ದೆ. ಆ ತಿಂಗಳು ಧ್ವನಿ ಒಡೆದಿತ್ತು. ‘ಶೀತ ಬಿಡಕ್ಕಾ’ ಎಂದೆ ನೀನು, ನಾನು ಬಿಟ್ಟೆ. ನೀನು ಮೈಕಿನ ಕಂಬ ಹಿಡಿದು ಕೆಮ್ಮುತ್ತಿದ್ದೆ, ನಾನು ಗಾಜಿನ ಈಚೆ ಕಣ್ಣೊರೆಸಿಕೊಂಡು ನಗುತ್ತಿದ್ದೆ. ಆರು ವಾರದ ಮೇಲೆ ಗಂಟಲಿನಲ್ಲಿ ಗಡ್ಡೆ ಎಂದು ರಿಪೋರ್ಟ್ ಬಂತು. ಪದಗಳ ತೂಕ ತಿಳಿದವಳು ಎಂದು ಹೆಸರು ಮಾಡಿದವಳಿಗೆ ತಮ್ಮನ ಉಸಿರಿನ ಸದ್ದು ತಿಳಿಯಲಿಲ್ಲ. ಆ ದಿನವೇ ಆಸ್ಪತ್ರೆಗೆ ಎಳೆದುಕೊಂಡು ಹೋಗಿದ್ದರೆ? ಡಾಕ್ಟರನ್ನು ಕೇಳಿದೆ. ‘ಈಗ ಅದನ್ನೆಲ್ಲ ಯೋಚಿಸಬೇಡಿ’ ಎಂದರು. ಇಲ್ಲ ಎನ್ನಲಿಲ್ಲ.

ಮನೆಯಲ್ಲಿ ವಿಶೇಷವಿಲ್ಲ. ನಿನ್ನ ಬಿಸಿನೀರಿನ ಫ್ಲಾಸ್ಕನ್ನು ವಾರಕ್ಕೊಮ್ಮೆ ತೊಳೆದಿಡುತ್ತೇನೆ, ಯಾಕೆ ಎಂದು ಕೇಳಬೇಡ. ಪಕ್ಕದ ಬಾಗಿಲಿನ ಟೈಲರಮ್ಮನಿಗೆ ಕಣ್ಣು ಇನ್ನಷ್ಟು ಮಂಜಾಗಿದೆ, ಸೂಜಿಗೆ ದಾರ ಪೋಣಿಸಿಕೊಡಲು ದಿನಾ ಕರೆಯುತ್ತಾರೆ. ಬೆಳಿಗ್ಗೆ ಆರಕ್ಕೆ ನೀನು ಗಂಟಲು ಪಳಗಿಸುತ್ತ ಮೆಟ್ಟಿಲ ಮೇಲೆ ನಿಂತು ‘ಆ...’ ಎಂದು ಎಳೆಯುವಾಗ ‘ಯಾರಿಗಯ್ಯಾ ಹಲ್ಲುನೋವು?’ ಎಂದು ಕೂಗುತ್ತಿದ್ದರಲ್ಲ, ಈಗ ಬೆಳಿಗ್ಗೆ ಎಚ್ಚರವೇ ಆಗುವುದಿಲ್ಲ ಎಂದು ನನ್ನ ಮೇಲೆ ದೂರು. ಅವರಿಗೆ ನಾನು ಪೂರ್ತಿ ಹೇಳಿಲ್ಲ. ಚಿಕಿತ್ಸೆ ನಡೆಯುತ್ತಿದೆ, ಬರುತ್ತಾನೆ ಎಂದಿದ್ದೇನೆ. ಸುಳ್ಳು ಹೇಳುವುದು ಕಷ್ಟವಲ್ಲ, ಅವರು ಅದನ್ನು ನಂಬಿ ಕಾಯುವುದನ್ನು ನೋಡುವುದು ಕಷ್ಟ. ಓದು ನಿಂತಿದೆ. ಕವನದ ಪುಸ್ತಕ ತೆಗೆದರೆ ಕಣ್ಣು ಸಾಲಿನ ಮೇಲೆ ಹೋಗುವುದಿಲ್ಲ, ಎಲ್ಲಿ ಗೆರೆ ಹಾಕಬೇಕು ಎಂದು ಹುಡುಕುತ್ತದೆ.

‘ಬೇಗ ಗುಣವಾಗಲಿ’ ಎಂದು ಬರೆಯಲು ಕೈ ಬರುತ್ತಿಲ್ಲ, ಕ್ಷಮಿಸು. ಗುಣವಾಗುವುದು ಏನು ಉಳಿದಿದೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಈ ವಾರದಲ್ಲಿ ಒಂದು ದಿನವಾದರೂ ನಿನಗೆ ಕೆಮ್ಮಿಲ್ಲದ ನಿದ್ದೆ ಬರಲಿ. ನಿನ್ನ ಆ ನರ್ಸಿಗೆ ನನ್ನ ನಮಸ್ಕಾರ ಬರೆದು ತೋರಿಸು. ಹಾಗೆಯೇ ನನಗೂ ಏನಾದರೂ ಬರೆ, ಬೈಗುಳವಾದರೂ ಸರಿ.

ನಿನ್ನ,
ಅಕ್ಕ

ತಾ.ಕ.: ಅಂಟು ಹಚ್ಚಿದ ಲಕೋಟೆಯನ್ನು ಮತ್ತೆ ಬಿಡಿಸಿದ್ದೇನೆ. ಇದನ್ನು ಹೇಳದೆ ಕಳಿಸಬೇಕೆಂದಿದ್ದೆ, ಆಗಲಿಲ್ಲ. ಮೊಳದಣ್ಣನ ಎರಡನೇ ಭಾಗ ಬಂದಿದೆ. ಯಜಮಾನರಿಗೆ ಅದೇ ಧ್ವನಿ ಬೇಕು. ನಿನ್ನ ಹಳೆಯ ರೆಕಾರ್ಡಿಂಗುಗಳನ್ನೆಲ್ಲ ಯಂತ್ರಕ್ಕೆ ಕೊಟ್ಟರೆ ಅದು ನಿನ್ನ ಹಾಗೇ ಮಾತಾಡುತ್ತದಂತೆ. ಅದಕ್ಕೆ ನಿನ್ನ ಸಹಿ ಬೇಕು. ಕಾಗದ ಇದರೊಳಗಿದೆ, ತಿಂಗಳ ಕೊನೆಯೊಳಗೆ ಹೇಳಬೇಕಂತೆ. ಮಾದರಿಗೆಂದು ನನ್ನಿಂದಲೇ ಹತ್ತು ಸಾಲು ಬರೆಸಿಕೊಂಡರು. ಅಭ್ಯಾಸಬಲದಿಂದ ಕೆಂಪು ಗೆರೆ ಎಳೆದುಕೊಟ್ಟೆ. ‘ಗೆರೆಗಿರೆ ಏನೂ ಬೇಡ ಮೇಡಂ, ಹಾಗೇ ಕೊಡಿ’ ಎಂದರು. ಅದರ ಆಡಿಯೋ ಇವತ್ತು ಫೋನಿಗೆ ಬಂತು. ಕೇಳಿದೆ. ನೀನೇ ಕಣೋ. ಒಡಕಿಲ್ಲ, ಕೆಮ್ಮಿಲ್ಲ, ಹಳೆಯ ನೀನು. ಮೂರು ಸಲ ಕೇಳಿದೆ, ನಾಲ್ಕನೇ ಸಲ ಕೈ ತಾನಾಗಿ ಒತ್ತಿತು. ಸಹಿ ಹಾಕು ಎನ್ನಲಾರೆ, ಬೇಡ ಎನ್ನಲೂ ಆರೆ. ಹಾಕಿದರೆ ಈ ಮನೆಯಲ್ಲಿ ನಿನ್ನ ಧ್ವನಿ ಇರುತ್ತದೆ. ಅದು ನೀನೋ ಅಲ್ಲವೋ ಎಂದು ತೀರ್ಮಾನಿಸುವಷ್ಟು ಧೈರ್ಯ ನನಗಿಲ್ಲ, ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಇಷ್ಟು ಬರೆಯುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಟೈಲರಮ್ಮ, ಕೈಯಲ್ಲಿ ಸೂಜಿ ಹಿಡಿದುಕೊಂಡು, ನನ್ನ ಹೆಗಲಾಚೆ ನಿನ್ನ ಕುರ್ಚಿಯ ಕಡೆಗೆ ಕಣ್ಣು ಕಿರಿದು ಮಾಡಿ ನೋಡುತ್ತ ನಿಂತಿದ್ದರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: ‘ಬಂದ್ನೇನಮ್ಮಾ ನಿನ್ ತಮ್ಮ? ಗೋಡೆಯಾಚೆಯಿಂದ ಕೇಳಿಸ್ತು. ಒಂದು ಮಾತು ಹೇಳು ಅವನಿಗೆ, ಆವಾಗಿಂದ ಒಂದ್ಸಲಾನೂ ಉಸಿರೇ ತಗೊಂಡಿಲ್ಲ, ಕೇಳ್ತಾ ಕೇಳ್ತಾ ನನಗೇ ಎದೆ ಕಟ್ಟಿ ಬಂತು.’