ಗಡಿ ಸ್ಟೇಷನ್ನಿನ ರಿಜಿಸ್ಟರ್

ಮಾರ್ಚ್ 4
ಇವತ್ತು ಹನ್ನೊಂದು ವ್ಯಾಗನ್. ಆಚೆ ರಾಜ್ಯದ ಹಳಿ ಅಗಲ, ನಮ್ಮದು ಕಿರಿದು. ಎಲ್ಲ ಇಳಿಸಿ, ಮತ್ತೆ ಏರಿಸಿ, ರಿಜಿಸ್ಟರಿನಲ್ಲಿ ಬರೆದದ್ದಾಯಿತು. ಗೂಡ್ಸ್ ಕ್ಲರ್ಕ್ ಆಗಿ ಹದಿನಾರು ವರ್ಷ ಇದೇ. ಐದು ರಾಜ್ಯ, ಐದು ಕಾನೂನು... ಎಲ್ಲದರ ಮೇಲೊಂದು ಗಟ್ಟಿ ಸರ್ಕಾರ ಬರದೆ ಸರಿಹೋಗದು. ಊಟಕ್ಕೆ ಕೂತಾಗಲೆಲ್ಲ ತಮ್ಮನಿಗೆ ಇದನ್ನೇ ಹೇಳಿದ್ದೇನೆ. ಅವನು ವಕೀಲ. "ಸಾಕು ಬಿಡಕ್ಕ, ತಲೆ ತಿನ್ಬೇಡ" ಅನ್ನುತ್ತಿದ್ದ. ಈಗ ಅವನೇ ಐದೂ ರಾಜ್ಯಗಳ ಒಕ್ಕೂಟದ ಸಭೆಯಲ್ಲಿ ಸದಸ್ಯ!

ಮಾರ್ಚ್ 9, ಮಧ್ಯಾಹ್ನ
ರೇಡಿಯೋದಲ್ಲಿ ತಮ್ಮನ ಭಾಷಣ. ಸ್ಟೇಷನ್ ಮಾಸ್ಟರ್ ರೂಮಿನಲ್ಲಿ ಎಲ್ಲರೂ ನಿಂತು ಕೇಳಿದೆವು.
"ಕೇಂದ್ರ ಬಲವಾದ್ರೆ ರಾಜ್ಯಗಳನ್ನ ನುಂಗಿಬಿಡುತ್ತೆ ಅಂತೀರಿ. ಗಡೀಲಿ ಲಸಿಕೆ ಪೆಟ್ಟಿಗೆಗಳು ಎರಡು ದಿನ ಬಿಸಿಲಲ್ಲಿ ಬಿದ್ದು ಕೆಟ್ಟುಹೋದ್ವು. ಇವರ ರುಜು ಇಲ್ಲ ಅಂತ ಅವರು, ಅವರ ರುಜು ಇಲ್ಲ ಅಂತ ಇವರು! ಲಸಿಕೆ ಸಿಗದೆ ಸತ್ತ ಮಕ್ಕಳಿಗೆ ಉತ್ತರ ಕೊಡೋರು ಯಾರು? ಐದು ಸರ್ಕಾರದಲ್ಲಿ ಯಾರೂ ಇಲ್ಲ. ಅದಕ್ಕೇ ಆರನೇ ಸರ್ಕಾರ ಒಂದು ಬೇಕು, ಐದಕ್ಕೂ ಮೇಲೆ!"
ನನ್ನ ಮಾತು. ಅಕ್ಷರ ಬಿಡದೆ. ಲಸಿಕೆ ಕೆಟ್ಟದ್ದು ಹಿಂದೊಮ್ಮೆ ನಮ್ಮ ಸ್ಟೇಷನ್ನಿನಲ್ಲೇ; ರಿಜಿಸ್ಟರಿನಲ್ಲಿ ಬರೆದಿಟ್ಟವಳೂ ನಾನೇ. ಚಪ್ಪಾಳೆಯೋ ಚಪ್ಪಾಳೆ.
"ಏನ್ ತಲೆ ರೀ ನಿಮ್ಮ ತಮ್ಮಂದು!" ಅಂದರು ಮಾಸ್ಟರ್. ನಕ್ಕೆ. ಕೈ ಚಾಚಿ ರೇಡಿಯೋ ಆರಿಸಿಬಿಟ್ಟೆ.

ಮಾರ್ಚ್ 10
ಅಮ್ಮ ಪೇಪರಿನಿಂದ ಅವನ ಫೋಟೊ ಕತ್ತರಿಸಿ ಕನ್ನಡಿಗೆ ಅಂಟಿಸಿದ್ದಾಳೆ. ಇನ್ನು ತಲೆ ಬಾಚಬೇಕಾದರೂ ಅವನ ಮುಖವೇ ನೋಡಬೇಕು.

ಮಾರ್ಚ್ 12, ಸಂಜೆ 6
ನಾಲ್ಕಕ್ಕೆ ತಮ್ಮನ ಫೋನ್.
"ಅಕ್ಕಾ, ಸಭೇಲಿ ಲಸಿಕೆ ವಿಷಯ ಬರೀ ಕಟ್ಟುಕತೆ ಅಂತಿದಾರೆ. ಆ ರಿಜಿಸ್ಟರ್ ಇವತ್ತಿನ ಗಾಡಿಗೇ ಕಳಿಸು. ನಾಳೆ ಬೆಳಿಗ್ಗೆ ವೋಟು."
ಕೈಯಲ್ಲೇ ಇತ್ತು. ಬೆರಳು ಅದೇ ಪುಟದಲ್ಲಿ. 'ನೀನೇ ಹೇಳಿಕೊಟ್ಟಿದ್ದು ಅಕ್ಕ' ಎಂಬ ಒಂದು ಮಾತಿಗೆ ಕಾದೆ... ಬರಲಿಲ್ಲ.
"ಹಳೇದು ಕಣೋ. ಸಿಗ್ತಿಲ್ಲ."
ಐದೂ ಇಪ್ಪತ್ತರ ಗಾಡಿ ಹೋಯಿತು.

ಮಾರ್ಚ್ 13
ಕೇಂದ್ರ ಸರ್ಕಾರದ ಮಸೂದೆ ಮೂರು ವೋಟಿನಿಂದ ಬಿದ್ದುಹೋಯಿತು. ಹದಿನಾರು ವರ್ಷ ಬೇಕು ಬೇಕು ಎಂದದ್ದನ್ನು ಕೈಯಾರೆ—

ಮಾರ್ಚ್ 21, ಮಧ್ಯಾಹ್ನ
ತಮ್ಮ ಊಟಕ್ಕೆ ಬಂದ. ಗಡ್ಡ ಬೆಳೆದಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ತಟ್ಟೆ ನೋಡುತ್ತಲೇ ಹೇಳಿದ:
"ನಿನ್ನ ಕಂಡ್ರೆ ನನಗೆ ಹೊಟ್ಟೆಕಿಚ್ಚು ಅಕ್ಕ. ಚಿಕ್ಕಂದಿನಿಂದ. ನಾನು ಪುಸ್ತಕ ತಿರುವಿ ಹುಡುಕೋದು ನಿನಗೆ ಕೆಲಸದಲ್ಲೇ ಗೊತ್ತಿರುತ್ತೆ. ಅದಕ್ಕೇ ಅಲ್ಲಿ ನಿನ್ನ ಹೆಸರು ಹೇಳೋಕೆ ಬಾಯಿ ಬರ್ಲಿಲ್ಲ. ಮುಂದಿನ ಚುನಾವಣೆಗೆ ನೀನೇ ನಿಲ್ಲು."
ತುತ್ತು ತಟ್ಟೆಯಲ್ಲೇ ಬಿಟ್ಟೆ. ಎದ್ದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಹೊರಗೆ ಚಪ್ಪಲಿ ಮೆಟ್ಟುವ ಸದ್ದು. "ಅಕ್ಕಾ, ಬರ್ತೀನಿ" ಅನ್ನುತ್ತಿದ್ದಾನೆ. ರಿಜಿಸ್ಟರ್ ನನ್ನ ಕೈಯಲ್ಲೇ ಇತ್ತು ಎಂದು ಹೇಳಿಬಿಡಬೇಕು. ಈಗಲೇ. ಅವನು ಗೇಟು ದಾಟುವ ಮೊದಲು ಓಡಿಹೋಗಿ—